ಸೋರಿಕೆ ಸಾಹೇಬರ ಹೆಡ್‌ಲೈಟು

ಊರವರ ಸೋರಿಕೆಯನ್ನೆಲ್ಲ ನಿಲ್ಲಿಸಿದ ಮನುಷ್ಯನ ಸ್ವಂತ ಕಾರಿನ ಹೆಡ್‌ಲೈಟಿನೊಳಗೇ ನೀರು ತುಂಬಿಕೊಂಡರೆ ಆತ ಯಾರ ಮುಂದೆ ಹೋಗಿ ಗೋಳು ಹೇಳಿಕೊಳ್ಳಬೇಕು? ಸೋರಿಕೆ ಸಾಹೇಬರಿಗೆ ಆ ಮಳೆಗಾಲದಲ್ಲಿ ಒದಗಿದ ಸಂಕಟ ಇದೇ.

ತಂದೆ ತಾಯಿ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಈಗ ಬ್ಯಾಂಕಿನವರು ಮಾತ್ರ ಉಪಯೋಗಿಸುತ್ತಿದ್ದರು, ಅದೂ ಏನಾದರೂ ಕೆಟ್ಟ ಸುದ್ದಿ ಹೇಳುವಾಗ. ಮಿಕ್ಕವರಿಗೆಲ್ಲ ಅವರು ಸೋರಿಕೆ ಸಾಹೇಬರು. ತಾರಸಿಯೋ ಬಚ್ಚಲೋ ನೀರಿನ ಟ್ಯಾಂಕೋ, ಎಲ್ಲಿ ಹನಿ ಒಸರಿದರೂ ಅಲ್ಲಿ ತಮ್ಮ ಕರಿ ಅಂಟಿನ ಡಬ್ಬ, ಸಿಮೆಂಟು, ಕೆಲಸದವರ ಸಮೇತ ಪ್ರತ್ಯಕ್ಷರಾಗುವುದು ಅವರ ಕಸುಬು. ಅವರ ಸಮಗ್ರ ತತ್ವಜ್ಞಾನ ಒಂದೇ ವಾಕ್ಯದ್ದು: ತೂತು ಕಂಡರೆ ಮುಚ್ಚು. ಕೆಲಸ ಮುಗಿದ ಮೇಲೆ ಜೇಬಿನಿಂದ ದುಂಡನೆಯ ಹಿತ್ತಾಳೆ ಮುದ್ರೆ ತೆಗೆದು ಹಸಿ ಸಿಮೆಂಟಿನ ಮೇಲೆ ತಾವೇ ಕೈಯಾರೆ ಒತ್ತುತ್ತಿದ್ದರು. ಮೇಲೆ ‘ಹನಿಯೂ ನುಸುಳದು’, ಕೆಳಗೆ ‘ಹತ್ತು ವರ್ಷ ಗ್ಯಾರಂಟಿ’. (ಶಾಸನ ಕೊರೆಸಿದ ಚಕ್ರವರ್ತಿಗಳ ಮುಖದಲ್ಲೂ ಅಂಥ ಗಾಂಭೀರ್ಯ ಇದ್ದಿರಲಾರದು.)

ಮನೆಯಲ್ಲೂ ಅವರು ಸುಮ್ಮನೆ ಕೂತವರಲ್ಲ. ಮಳೆಯ ಎರಚಲು ಬರುತ್ತದೆಂದು ಬಚ್ಚಲಿನ ಗವಾಕ್ಷಿ ಮುಚ್ಚಿ ಮುದ್ರೆ ಒತ್ತಿದ್ದರು. ಅಡುಗೆಮನೆಯಲ್ಲಿ ಹೊಗೆ ಹೋಗುವ ಕಿಂಡಿಗೂ ಅದೇ ಗತಿಯಾಗಿತ್ತು. ಅಂದಿನಿಂದ ಬಚ್ಚಲಿನ ಕನ್ನಡಿಯಲ್ಲಿ ಯಾರಿಗೂ ಮುಖ ಕಾಣುತ್ತಿರಲಿಲ್ಲ, ಟವೆಲ್ಲು ಒಣಗುತ್ತಿರಲಿಲ್ಲ, ಗೋಡೆಯ ಬಣ್ಣ ಹಪ್ಪಳದಂತೆ ಎದ್ದು ಬರುತ್ತಿತ್ತು. ಸ್ನಾನ ಮಾಡಿದ ಮೇಲೂ ಮೈ ಒದ್ದೆಯಾಗಿಯೇ ಇರುತ್ತದಲ್ಲೋ ಎಂದು ಅವರ ತಾಯಿ ದಿನಕ್ಕೊಮ್ಮೆ ಗೊಣಗುತ್ತಿದ್ದರು. ಅದು ವಯಸ್ಸಿನ ತೊಂದರೆ ಎಂದು ಸಾಹೇಬರು ದಿನಕ್ಕೊಮ್ಮೆ ಸಮಾಧಾನ ಹೇಳುತ್ತಿದ್ದರು.

ಇನ್ನು ಹೆಡ್‌ಲೈಟಿನ ವಿಚಾರ. ಕಾರಿಗೆ ಅದು ಹುಟ್ಟಿದಾಗಿನಿಂದ ಇದ್ದ ದೀಪಗಳು ಹಳದಿಗಟ್ಟಿದ್ದವು. ಒಮ್ಮೆ ಉಜ್ಜಿ ಪಾಲಿಶ್ ಮಾಡಿಸಿದರೆ ಸಾಕೆಂದು ಹೆಂಡತಿ ಹೇಳಿದರು. ಹೆಂಡತಿಯನ್ನು ಬೀದಿಯವರು ಕೇಕಮ್ಮ ಎಂದು ಕರೆಯುತ್ತಾರೆ. ಮನೆಯಲ್ಲೇ ಕೇಕ್ ಮಾಡಿ ಮಾರುವವರು, ಮಾತಿನಲ್ಲಿ ಮಾತ್ರ ಸಕ್ಕರೆ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಅವರ ತಮ್ಮ, ಅಂದರೆ ಸಾಹೇಬರ ಭಾವಮೈದುನ, ಯಾವುದೋ ಅಂಗಡಿಯಿಂದ ಹೊಸ ಜೋಡಿ ಹೊತ್ತು ತಂದ. ಕಾರು ಕಂಪನಿಯದಲ್ಲ ಭಾವ, ಆದರೆ ಕಂಪನಿಯದಕ್ಕಿಂತ ಚೆಂದ ಎಂದ. ಚೆಂದವೇನೋ ನಿಜ. ಹಾಕಿದ ಮೇಲೆ ಕಾರು ಹುಬ್ಬು ಗಂಟಿಕ್ಕಿಕೊಂಡು ಎದುರಿನವರನ್ನು ಗದರಿಸುವ ಹಾಗೆ ಕಾಣುತ್ತಿತ್ತು. ಮನೆಯಲ್ಲಿ ಯಾರನ್ನೂ ಗದರಿಸಲಾಗದ ಸಾಹೇಬರಿಗೆ ಅದು ಬಹಳ ಹಿಡಿಸಿತು.

ಮೊದಲ ಮಳೆಗೆ ಗಾಜಿನೊಳಗೆ ಮಂಜು ಕವಿಯಿತು. ಎರಡನೆಯ ಮಳೆಗೆ ಹನಿಗಳು ಸಾಲುಗಟ್ಟಿದವು. ಆಮೇಲೆ ತಳದಲ್ಲಿ ನೀರೇ ನಿಂತು, ತಿರುವಿನಲ್ಲಿ ಆ ಕಡೆಯಿಂದ ಈ ಕಡೆಗೆ ಓಲಾಡತೊಡಗಿತು. ಕೇಕಮ್ಮ ಬಗ್ಗಿ ನೋಡಿ, ಎರಡು ಮೀನು ತಂದು ಬಿಡೋಣವೇ ಎಂದು ಕೇಳಿದರು. ತಾಯಿಯವರದು ಇನ್ನೂ ಮೃದು ಸ್ವಭಾವ. ನಿನ್ನ ಗಾಡಿಗೂ ನನ್ನ ಹಾಗೆ ಕಣ್ಣಿಗೆ ಪೊರೆ ಬಂದಿದೆ ಕಣೋ, ಪಾಪ, ಎಂದು ಬಾನೆಟ್ಟು ಸವರಿದರು.

ಇದೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಅದೇ ವಾರ ದೊಡ್ಡದೊಂದು ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರಿಂದ ಫೋನು ಬಂತು. ಅವರ ನೆಲಮಾಳಿಗೆಯ ಗೋಡೆಗಳೆಲ್ಲ ನೀರು ಸುರಿಸುತ್ತಿವೆ, ಕಾರುಗಳ ಸೀಟಿಗೆ ಬೂಷ್ಟು ಹಿಡಿಯುತ್ತಿದೆ, ಭಾನುವಾರ ಸಂಜೆ ಬಂದು ನೋಡಿ ಹೇಳಬೇಕು. ಸಾಹೇಬರ ಕೈಯಲ್ಲಿ ಆ ಮಳೆಗಾಲ ಪೂರ್ತಿ ಇದ್ದದ್ದು ಎರಡು ಸಣ್ಣ ತಾರಸಿ ಮಾತ್ರ. ಈ ಕೆಲಸ ಸಿಕ್ಕರೆ ವರ್ಷವಿಡೀ ನಿಶ್ಚಿಂತೆ, ಸಿಗದಿದ್ದರೆ ಕೆಲಸದವರನ್ನು ಮನೆಗೆ ಕಳಿಸಬೇಕು. ಇಷ್ಟಿರುವಾಗ ಸೋರಿಕೆ ನಿಲ್ಲಿಸುವವನು ಕೊಳದಂಥ ಹೆಡ್‌ಲೈಟು ಹೊತ್ತುಕೊಂಡು ಅವರ ಗೇಟಿನೊಳಗೆ ಹೋಗುವುದು ಹೇಗೆ?

ಸಾಹೇಬರು ಮೊಬೈಲಿನಲ್ಲಿ ವಿಡಿಯೋ ನೋಡಿದರು. ಹೆಡ್‌ಲೈಟನ್ನು ಬಿಚ್ಚಿ ಹದವಾದ ಬಿಸಿಯಲ್ಲಿ ಓವನ್ನಿನಲ್ಲಿಟ್ಟರೆ ಗಾಜನ್ನು ಹಿಡಿದಿರುವ ಅಂಟು ಮೆತ್ತಗಾಗುತ್ತದೆ. ಆಗ ಬಿಡಿಸಿ, ಒರೆಸಿ, ಒಣಗಿಸಿ, ಹೊಸ ಅಂಟು ಹಾಕಿ ಮುಚ್ಚಬೇಕು. ವಿಡಿಯೋದ ಮನುಷ್ಯ “ಈಗ ಬಹಳ ಮುಖ್ಯವಾದ ಒಂದು ವಿಷಯ” ಎನ್ನುತ್ತಿದ್ದಂತೆ ಸಾಹೇಬರು ಅದನ್ನು ನಿಲ್ಲಿಸಿದರು. ಅಂಟು ಹಾಕುವುದನ್ನು ಇನ್ನೊಬ್ಬರಿಂದ ಕಲಿಯುವ ದುರ್ಗತಿ ತಮಗಿನ್ನೂ ಬಂದಿಲ್ಲ ಎಂಬುದು ಅವರ ಭಾವನೆ.

ಮನೆಯಲ್ಲಿದ್ದದ್ದು ಕೇಕಮ್ಮನ ಓವನ್ನು. ಅದನ್ನು ಕೇಳುವುದು ಅವರ ಕಿಡ್ನಿ ಕೇಳಿದಷ್ಟೇ ಸುಲಭ. ಆದ್ದರಿಂದ ಸಾಹೇಬರು ಕೇಳಲಿಲ್ಲ. ಕೇಕಮ್ಮ ಮೈದಾ, ಬೆಣ್ಣೆ ತರಲು ಅಂಗಡಿಗೆ ಹೋದ ಸಮಯ ನೋಡಿ ಹೆಡ್‌ಲೈಟನ್ನು ಒಳಗಿಟ್ಟು, ಬಾಗಿಲ ಗಾಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅದು ಉಬ್ಬುತ್ತದೋ ಎಂಬಂತೆ ನೋಡುತ್ತಿದ್ದರು. ಉಬ್ಬಲಿಲ್ಲ. ಅದರ ಬದಲು ಟೈರು ಸುಟ್ಟ ವಾಸನೆಯೊಂದು ಎದ್ದು, ಹೊರಗೆ ಹೋಗಲು ಕಿಂಡಿಯಿಲ್ಲದೆ ಅಡುಗೆಮನೆಯಲ್ಲೇ ಬಿಡಾರ ಹೂಡಿತು. ಎರಡನೆಯ ದೀಪ ಬೇಯುವ ಹೊತ್ತಿಗೆ ಕೇಕಮ್ಮ ಬಂದರು.

ಅವರು ಕೂಗಾಡಲಿಲ್ಲ. ಚೀಲ ಕೆಳಗಿಟ್ಟು, ಓವನ್ನಿನ ಬಾಗಿಲು ತೆಗೆದು, ಒಳಗೆ ಹುಬ್ಬು ಗಂಟಿಕ್ಕಿ ಮಲಗಿದ್ದ ವಸ್ತುವನ್ನು ಒಂದು ಗಳಿಗೆ ನೋಡಿದರು.

“ಇದಕ್ಕೆ ಕ್ರೀಮ್ ಹಚ್ಚಬೇಕಾ, ಹಾಗೇ ತಿಂತೀರಾ?” ಎಂದರು.

ಮರುದಿನದ ಕೇಕು ನೋಡಲು ಎಂದಿನಂತೆಯೇ ಇತ್ತು. ರುಚಿ ನೋಡಿದ ತಾಯಿಯವರು, ಚೆನ್ನಾಗಿದೆಯಮ್ಮಾ, ಆದರೆ ಬಸ್‌ಸ್ಟ್ಯಾಂಡ್ ನೆನಪಾಗುತ್ತದೆ ಎಂದರು. ಕೇಕಮ್ಮ ಆ ಕೇಕನ್ನು ಹಾಗೇ ಕಸದ ಬುಟ್ಟಿಗೆ ಹಾಕಿ, ತಂಗಿಯ ಮನೆಯ ಒಲೆಯಲ್ಲಿ ಇನ್ನೊಂದು ಮಾಡಿಕೊಂಡು ಬಂದರು. ಅವತ್ತು ಅವರ ಕಣ್ಣಲ್ಲಿ ನೀರಿತ್ತು. ಆ ಓವನ್ನು ಅವರ ದುಡಿಮೆ. ಅದನ್ನು ಬಿಟ್ಟರೆ ಅವರದು ಅಂತ ಆ ಮನೆಯಲ್ಲಿ ಬೇರೇನೂ ಇರಲಿಲ್ಲ. ಸಾಹೇಬರಿಗೆ ನಿಜಕ್ಕೂ ಕೆಡುಕೆನಿಸಿತು. ನೆಲಮಾಳಿಗೆಯ ಕೆಲಸ ಕೈಗೆ ಬಂದ ದಿನವೇ ಹೊಸ ಓವನ್ನು, ಇದರ ಎರಡರಷ್ಟು ದೊಡ್ಡದು, ಎಂದು ತಾಯಿಯ ಎದುರಿಗೇ ಮಾತು ಕೊಟ್ಟರು.

ಇತ್ತ ಹೆಡ್‌ಲೈಟುಗಳು ಬಿಚ್ಚಿಕೊಂಡು ಒಣಗಿದವು. ಅಂಚಿಗೆ ಕರಿ ಅಂಟು ಹಾಕಿ ಕೂಡಿಸುವಾಗ ಸಾಹೇಬರ ಕಣ್ಣಿಗೆ ಹಿಂಬದಿಯಲ್ಲಿ ಪೆನ್ಸಿಲ್ ಗಾತ್ರದ ಎರಡು ರಬ್ಬರ್ ಕೊಳವೆ ಬಿದ್ದವು. ಒಳಗಿಂದ ಹೊರಕ್ಕೆ ನೇರ ದಾರಿ! ಕಳ್ಳ ಸಿಕ್ಕಿಬಿದ್ದ ಎಂದು ಅವರಿಗೆ ರೋಮಾಂಚನವಾಯಿತು.

ಕೇಕಮ್ಮ ಬಾಗಿಲಲ್ಲಿ ನಿಂತು ಕೇಕಿನ ಡಬ್ಬಿ ಮಡಿಸುತ್ತಿದ್ದರು. ರಟ್ಟಿನ ಡಬ್ಬಿ, ಪಕ್ಕಕ್ಕೆ ನಾಲ್ಕು ಸಣ್ಣ ತೂತು.

“ರೀ, ಅದು ಬೇಕೂಂತ ಬಿಟ್ಟಿರೋ ತೂತು ಇರ್ಬೇಕು. ಮುಚ್ಬೇಡಿ. ಕೇಕ್ ಬಿಸಿ ಇರೋವಾಗ್ಲೇ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿದ್ರೆ ಮುಚ್ಚಳದ ಒಳಗೆ ನೀರು ಕೂರುತ್ತಲ್ಲ, ಅದೇನು ಸೋರಿ ಬಂದ ನೀರಾ?”

“ಕೇಕ್ ಬೇರೆ, ಕಾರು ಬೇರೆ ಕಣೇ.”

“ಬಿಸಿ ಒಂದೇ ಅಲ್ವಾ?”

ಪರಿಣತರು ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತ ಕೂರುವುದಿಲ್ಲ. ಸಾಹೇಬರು ಕೊಳವೆಗಳಿಗೆ ಅಂಟು ತುಂಬಿದರು. ಬಲ್ಬಿನ ಹಿಂದಿನ ರಬ್ಬರ್ ಟೊಪ್ಪಿಗೆಯ ಸುತ್ತಲೂ ಅಂಟು ಬಳಿದರು. ಕೊನೆಗೆ ಅದರ ಮೇಲೆ ಹಿತ್ತಾಳೆ ಮುದ್ರೆ ಒತ್ತಿದರು. ಕಾರಿಗೆ ಕೂಡಿಸಿ ಪೈಪಿನಿಂದ ಜೋರಾಗಿ ನೀರು ಹೊಡೆದರು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವರ ಬೆನ್ನು ಎಂದಿಗಿಂತ ನೆಟ್ಟಗಿತ್ತು.

ಬೆಳಿಗ್ಗೆ ಎರಡೂ ದೀಪ ಹಾಲಿನಂತೆ ಬೆಳ್ಳಗಿದ್ದವು. ಸಾಹೇಬರು ಅದು ಹೊರಗಿನ ಇಬ್ಬನಿ ಎಂದುಕೊಂಡು ಒರೆಸಿದರು. ಇನ್ನೂ ಒರೆಸಿದರು. ಒಳಗಿದ್ದ ತೇವದ ಗಾಳಿ ಹೊರಬರಲಾರದೆ ಅಲ್ಲೇ ಬೆವರುತ್ತಿದೆ ಎಂದು ಅವರಿಗೆ ಹೇಳುವವರು ಒಬ್ಬರಿದ್ದರು, ಆದರೆ ಆಕೆ ಕಿಟಕಿಯಲ್ಲಿ ಕಾಫಿ ಕುಡಿಯುತ್ತ ನೋಡುತ್ತಿದ್ದರು. ಹೇಳಬೇಕಾದ್ದನ್ನು ಆಗಲೇ ಹೇಳಿ ಆಗಿತ್ತು.

ಭಾನುವಾರ ಸಂಜೆ ಕೇಕಮ್ಮನಿಗೂ ಅದೇ ದಿಕ್ಕಿನಲ್ಲಿ, ತಂಗಿಯ ಮನೆಯಲ್ಲಿ ಮಾಡಿಕೊಂಡು ಬಂದ ಒಂದು ಹುಟ್ಟುಹಬ್ಬದ ಕೇಕು ತಲುಪಿಸಬೇಕಿತ್ತು. ಮಡಿಲಲ್ಲಿ ಡಬ್ಬಿ, ಅದರ ಮೇಲೆ ಕೇಕು ಕತ್ತರಿಸುವ ಚಾಕು ಇಟ್ಟುಕೊಂಡು ಕಾರಿನಲ್ಲಿ ಕೂತರು. ನೀನು ಕಾರಿನಿಂದ ಇಳಿಯಬೇಡ, ಮಾತಾಡಬೇಡ ಎಂದು ಸಾಹೇಬರು ದಾರಿಯುದ್ದಕ್ಕೂ ಹೇಳಿದರು. ಕೇಕಮ್ಮ ಒಪ್ಪಿದರು. ಆ ದೀಪದ ಬೆಳಕಿನಲ್ಲಿ ರಸ್ತೆ ಕಾಣುತ್ತಿರಲಿಲ್ಲವಾದ್ದರಿಂದ ಅವರ ಗಮನವೆಲ್ಲ ಎದುರಿನ ಗುಂಡಿಗಳ ಮೇಲಿತ್ತು.

ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. ತೆಳ್ಳಗಿನ, ನಿಧಾನ ಮಾತಿನ ಮನುಷ್ಯ. ಜೊತೆಗೆ ಸಮಿತಿಯ ನಾಲ್ಕೈದು ಜನ. ನೆಲಮಾಳಿಗೆಯಲ್ಲಿ ದೀಪಗಳು ತೇವಕ್ಕೆ ಸತ್ತು ಹೋಗಿದ್ದವು, ಗಾಳಿ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಅಂಟುತ್ತಿತ್ತು. ದಯವಿಟ್ಟು ನಿಮ್ಮ ಕಾರನ್ನೇ ಆ ಗೋಡೆಯ ಕಡೆ ತಿರುಗಿಸಿ ಹೈಬೀಮ್ ಹಾಕಿ ಎಂದು ಡಾಕ್ಟರು ಕೇಳಿಕೊಂಡರು. ಸಾಹೇಬರಿಗೆ ಬೇರೆ ದಾರಿಯಿರಲಿಲ್ಲ. ಗೋಡೆಯ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಒಂದು ಮಬ್ಬು ಬೆಳಕು ಬಿತ್ತು.

ಡಾಕ್ಟರು ಬಗ್ಗಿ ಹೆಡ್‌ಲೈಟಿನೊಳಗೆ ನೋಡಿದರು. ರೋಗಿಯ ಬಾಯೊಳಗೆ ನೋಡುವ ಹಾಗೆಯೇ, ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ. ಹಳೆಯದು ಹಳದಿಯಾಗಿತ್ತು, ಅದಕ್ಕೇ ತೆಗೆಸಿ ಹೊಸದು ಹಾಕಿಸಿದೆ, ಎಂದು ಸಾಹೇಬರು ವಿವರಣೆ ಕೊಟ್ಟರು.

“ಹಲ್ಲು ಹಳದಿಯಾಯ್ತು ಅಂತ ಯಾರಾದ್ರೂ ಕೀಳಿಸ್ತಾರಾ?” ಎಂದರು ಡಾಕ್ಟರು. ಅದರಲ್ಲಿ ಕುಹಕವೇನೂ ಇರಲಿಲ್ಲ. ದಿನವೂ ಕೇಳಿ ರೂಢಿಯಾದ ಪ್ರಶ್ನೆ.

ಸಾಹೇಬರು ಮಾತನ್ನು ಗೋಡೆಯ ಕಡೆಗೆ ಎಳೆದರು. ಗೋಡೆ ಸಿಕ್ಕಿತೆಂದರೆ ಅವರಿಗೆ ವಾಣಿ ಒಲಿಯುತ್ತಿತ್ತು. ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ನಡೆಯುತ್ತ, ನೆಲದೊಳಗಿನ ನೀರಿನ ಒತ್ತಡ, ಗಾರೆಯ ಸೂಕ್ಷ್ಮ ರಂಧ್ರಗಳು, ಮೂರು ಪದರದ ಲೇಪನ ಎಂದು ಧಾರಾಕಾರ ಹರಿಸಿದರು. ಇದನ್ನು ಹಿಂದೆ ಯಾರು ಮಾಡಿದ್ದೆಂದು ಕೇಳಿದರು. ಗೊತ್ತಿಲ್ಲ, ಬಿಲ್ಡರು ಕಟ್ಟಡ ಮಾರಿ ಆರು ವರ್ಷದ ಹಿಂದೆಯೇ ಊರು ಬಿಟ್ಟ ಎಂದು ಉತ್ತರ ಬಂತು. ಸಾಹೇಬರು ಕರುಣೆಯಿಂದ ತಲೆಯಾಡಿಸಿದರು.

“ನೋಡಿದ ಕೂಡ್ಲೇ ಹೇಳ್ತೀನಿ ಸಾರ್, ಯಾವನೋ ಕಸುಬು ಗೊತ್ತಿಲ್ದೋನು ಮಾಡಿರೋ ಕೆಲಸ ಇದು.”

ಈ ಉಪನ್ಯಾಸ ನಡೆಯುತ್ತಿದ್ದಾಗ ಕಾರಿನಲ್ಲಿ ಕೇಕಮ್ಮ ಗಡಿಯಾರ ನೋಡಿದರು. ಕೇಕಿಗೆ ಹೊತ್ತಾಗುತ್ತಿತ್ತು. ಈ ಬೆಳಕಿನಲ್ಲಿ ಮುಂದಿನ ದಾರಿ ಹೋದರೆ ಕೇಕಿನ ಜೊತೆ ತಾವೂ ಯಾವುದಾದರೂ ಗುಂಡಿಯಲ್ಲಿ ಹುಟ್ಟುಹಬ್ಬ ಆಚರಿಸಬೇಕಾಗುತ್ತದೆ ಎನಿಸಿತು. ಮಾತಾಡಬೇಡ ಎಂದಿದ್ದರು, ಅದನ್ನು ಅವರು ಪಾಲಿಸಿದರು. ಸದ್ದಿಲ್ಲದೆ ಇಳಿದು, ಬಾನೆಟ್ಟು ಎತ್ತಿ, ಕೇಕಿನ ಚಾಕುವಿನಿಂದ ಮುದ್ರೆಯ ಸುತ್ತಲಿನ ಕರಿ ಅಂಟನ್ನು ಕೊಯ್ದು, ರಬ್ಬರ್ ಟೊಪ್ಪಿಗೆಗಳನ್ನು ಕಿತ್ತು, ಕೊಳವೆಗಳ ಬಾಯನ್ನೂ ಬಿಡಿಸಿದರು. ಕಾರಿಗೆ ಒರಗಿ ನಿಂತು ಚಾಕು ಒರೆಸಿಕೊಂಡರು.

ಉರಿಯುವ ಬಲ್ಬಿನ ಶಾಖಕ್ಕೆ ಒಳಗಿನ ತೇವ ದಾರಿ ಕಂಡುಕೊಂಡಿತು. ಸಾಹೇಬರು ಮೂರನೆಯ ಲೇಪನಕ್ಕೆ ಬರುವ ಹೊತ್ತಿಗೆ ಗಾಜಿನ ನಡುವೆ ಅಂಗೈಯಗಲ ಜಾಗ ತಿಳಿಯಾಯಿತು. ಅದು ಮೆಲ್ಲಗೆ ಅಂಚಿನವರೆಗೆ ಹಬ್ಬಿತು. ಗೋಡೆಯ ಮೇಲಿನ ಬೆಳಕು ಬಿಳಿಯಾಗುತ್ತ, ಮೇಲೇರುತ್ತ, ಚಾವಣಿಯನ್ನು ಮುಟ್ಟಿತು. ಮಾತಿನ ಭರದಲ್ಲಿ ಬೆನ್ನು ಹಾಕಿದ್ದ ಸಾಹೇಬರನ್ನು ಬಿಟ್ಟು ಎಲ್ಲರೂ ಅದನ್ನು ನೋಡಿದರು.

“ಏನು ಮಾಡಿದ್ರಮ್ಮ?” ಎಂದು ಡಾಕ್ಟರು ಕೇಕಮ್ಮನನ್ನು ಕೇಳಿದರು.

ಕೇಳಿದ ಮೇಲೆ ಉತ್ತರ ಹೇಳದಿರುವುದು ಮರ್ಯಾದೆಯಲ್ಲ. ತೂತು ಬಿಟ್ಟೆ ಅಷ್ಟೇ ಎಂದರು ಕೇಕಮ್ಮ. ಈಗಿನದು ಹೊರಗಿಂದ ಸೋರಿದ್ದಲ್ಲ, ಒಳಗೇ ಬೆವರಿದ್ದು. ಕೇಕಿನ ಡಬ್ಬಿಯ ಹಾಗೆ. ಡಬ್ಬಿಯನ್ನು ತಂದು ತೋರಿಸಿದರು, ಮುಚ್ಚಳದ ಒಳಮೈ ಒಣಗಿತ್ತು. ಡಾಕ್ಟರು ಡಬ್ಬಿಯ ತೂತಿನಲ್ಲಿ ಬೆರಳಿಟ್ಟು ನೋಡಿದರು, ಹೆಡ್‌ಲೈಟು ನೋಡಿದರು, ಆಮೇಲೆ ತಲೆಯೆತ್ತಿ ಸುತ್ತಲಿನ ಗೋಡೆ ನೋಡಿದರು.

“ಹಾಗಾದ್ರೆ ಈ ನೆಲಮಾಳಿಗೆಗೆ ಗಾಳಿ ಎಲ್ಲಿಂದ ಬರುತ್ತೆ?”

ಸಮಿತಿಯವರೂ ತಲೆಯೆತ್ತಿದರು. ಹೊಸ ಬೆಳಕಿನಲ್ಲಿ ಚಾವಣಿಯ ಕೆಳಗೆ, ಕಂಬದಿಂದ ಕಂಬಕ್ಕೆ, ಉದ್ದುದ್ದ ಚೌಕಗಳ ಒಂದು ಸಾಲು ಕಾಣಿಸಿತು. ಒಂದು ಕಾಲಕ್ಕೆ ಗವಾಕ್ಷಿಗಳಾಗಿದ್ದವನ್ನು ಆಮೇಲೆ ಯಾರೋ ಸಿಮೆಂಟು ತುಂಬಿ ಭದ್ರವಾಗಿ ಮುಚ್ಚಿದ್ದರು. ಪ್ರತಿಯೊಂದರ ಮೂಲೆಯಲ್ಲೂ ಬಿಸ್ಕತ್ತಿನ ಮೇಲಿನ ಅಚ್ಚಿನಂಥ ದುಂಡು ಗುರುತು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, ಗೋಡೆಯ ಹತ್ತಿರ ಹೋಗಿ, ಬಿಡಿಬಿಡಿಯಾಗಿ ಓದಿದರು.

“ಹನಿಯೂ… ನುಸುಳದು.”

ಸಾಹೇಬರ ಉಪನ್ಯಾಸ ನಿಂತಿತು. ಬಿಲ್ಡರು ಯಾವುದೋ ಕಾಲದಲ್ಲಿ, ರಸ್ತೆಯ ನೀರು ಎರಚುತ್ತದೆಂದು ಕಿಂಡಿ ಮುಚ್ಚಲು ಸಾಹೇಬರ ಕೆಲಸದವರನ್ನು ಕರೆಸಿಕೊಂಡಿದ್ದ. ಸಾಹೇಬರು ಮುದ್ರೆ ಒತ್ತಲು ಮಾತ್ರ ಬಂದು ಹೋಗಿದ್ದರು. ಆಗ ಇಲ್ಲಿ ಗೇಟೂ ಇರಲಿಲ್ಲ, ಮೇಲೆ ಮನೆಗಳೂ ಇರಲಿಲ್ಲ, ಬರೀ ಕಂಬಗಳಿದ್ದವು. ಅದೆಲ್ಲ ಅವರಿಗೆ ಈಗ ಸ್ಪಷ್ಟವಾಗಿ ನೆನಪಾಯಿತು. ಅಷ್ಟರಲ್ಲಿ ಚಾವಣಿಯಿಂದ ಒಂದು ಹನಿ ಅವರ ಬೋಳುತಲೆಯ ಮೇಲೆ ಬಿತ್ತು. ಯಾರೂ ನಗಲಿಲ್ಲ, ಅದೇ ಅವರಿಗೆ ಹೆಚ್ಚು ಕಷ್ಟವಾಯಿತು.

ಡಾಕ್ಟರು ಇನ್ನೂ ಓದಿ ಮುಗಿಸಿರಲಿಲ್ಲ. ಅಚ್ಚಿನ ಕೆಳಸಾಲಿಗೆ ಬೆರಳಿಟ್ಟು, “ಹತ್ತು ವರ್ಷ ಗ್ಯಾರಂಟಿ ಅಂತಾನೂ ಇದೆ. ಕಟ್ಟಡಕ್ಕೇ ಇನ್ನೂ ಎಂಟು ತುಂಬಿಲ್ಲ. ಸೋಮವಾರದಿಂದ ಒಡೆಯೋಕೆ ಶುರು ಮಾಡ್ತೀರಾ?” ಎಂದು ಬಹಳ ಮೃದುವಾಗಿ, ನೋವಾಗೋದಿಲ್ಲ ಎನ್ನುವ ಧ್ವನಿಯಲ್ಲಿ ಕೇಳಿದರು.

ಕೇಕು ತಲುಪಿಸಿ ಮನೆಗೆ ಬರುವಾಗ ರಸ್ತೆಯ ಕಲ್ಲುಕಲ್ಲೂ ನಿಚ್ಚಳವಾಗಿ ಕಾಣುತ್ತಿತ್ತು. ಅದೇ ಸಾಹೇಬರಿಗೆ ಸಹಿಸಲಾಗಲಿಲ್ಲ.

“ನಿನಗೆ ಸುಮ್ನೆ ಕೂರೋಕೆ ಆಗ್ಲಿಲ್ವಾ? ಕೆಲಸ ಹೋಯ್ತು. ನಿನ್ನ ಓವನ್ನೂ ಹೋಯ್ತು.”

“ಗೊತ್ತು,” ಎಂದರು ಕೇಕಮ್ಮ. “ಡಾಕ್ಟ್ರು ಕೇಳಿದಾಗ ಬಾಯಿ ಬಿಡೋಕೆ ಮುಂಚೆ ನನಗೆ ಅದೇ ನೆನಪಾಗಿದ್ದು. ಆದ್ರೆ ನೀವು ಮೂರು ಪದರ ಬಳಿದ ಮೇಲೂ ಆ ಗೋಡೆ ಬೆವರ್ತಾನೇ ಇರೋದು. ಆಮೇಲೆ ಯಾರು ನಿಮ್ಮನ್ನ ತಾರಸಿಗೂ ಕರೀತಿದ್ರು?”

ಸಾಹೇಬರಿಗೆ ನಾಚಿಕೆಯಾಯಿತು. ಎದುರು ಬಂದ ಲಾರಿಯವನು ಕಣ್ಣು ಕುಕ್ಕುತ್ತದೆಂದು ದೀಪ ಮಿನುಗಿಸಿ ಬೈದ. ದೀಪ ತಗ್ಗಿಸಿ ಮುಂದೆ ಹೋದರು.

ಗವಾಕ್ಷಿ ಒಡೆದು ತೆಗೆಯುವುದಕ್ಕೆ ಒಂದು ವಾರ ಹಿಡಿಯಿತು. ಸಾಹೇಬರು ಕಾರನ್ನು ನೆಲಮಾಳಿಗೆಯಲ್ಲಿ ನಿಲ್ಲಿಸಿ ಅದರ ಬೆಳಕಿನಲ್ಲಿ ಕೆಲಸ ಮಾಡಿಸಿದರು. ಗಾಳಿ ಆಡಿದಂತೆ ಗೋಡೆಗಳು ಒಣಗತೊಡಗಿದವು. ಒಳ್ಳೆಯ ಕೆಲಸ ಎಂದು ಡಾಕ್ಟರು ಕೈಕುಲುಕಿದರು. ಸಮಿತಿಯ ಸಭೆಗೆ ದೊಡ್ಡ ಕೇಕೊಂದು ಬೇಕು ಎಂದು ಕೇಕಮ್ಮನಿಗೆ ಫೋನು ಮಾಡಿದರು. ಕೇಕಮ್ಮ ಒಪ್ಪಿಕೊಂಡು ಫೋನಿಟ್ಟು, ಟೈರಿನ ವಾಸನೆಯ ಓವನ್ನನ್ನೂ ಅಡುಗೆಮನೆಯ ಮುಚ್ಚಿದ ಕಿಂಡಿಯನ್ನೂ ನೋಡಿದರು.

ಮೈಯೆಲ್ಲ ಸಿಮೆಂಟಿನ ಧೂಳಾಗಿ ಸಾಹೇಬರು ಮನೆಗೆ ಬಂದಾಗ ತಾಯಿ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದರು. ಸೊಸೆಯ ಬಾಯಿಂದ ನೆಲಮಾಳಿಗೆಯ ಕಥೆಯೆಲ್ಲ ಕೇಳಿ ಆಗಿತ್ತು. ಕೈಯಲ್ಲಿ ಎರಡು ದಿನದಿಂದ ಒಣಗದ ಟವೆಲ್ಲು.

“ಅಲ್ಲ ಕಣೋ, ನಮ್ಮ ಬಚ್ಚಲಲ್ಲೂ ಅದೇ ಮುದ್ರೆ ಇದೆ. ಗ್ಯಾರಂಟಿ ಮನೆಯವರಿಗೂ ಇದೆಯೋ, ಹೊರಗಿನವರಿಗೆ ಮಾತ್ರವೋ?”

ಸಾಹೇಬರು ಹೆಂಡತಿಯ ಕಡೆ ನೋಡಿದರು. ಕೇಕಮ್ಮ ಆಗಲೇ ಸುತ್ತಿಗೆ, ಉಳಿ ತಂದು ಸ್ಟೂಲಿನ ಮೇಲೆ ಇಟ್ಟಿದ್ದರು.

“ಅದಾದ್ಮೇಲೆ ಅಡುಗೆಮನೆಗೆ ಬನ್ನಿ,” ಎಂದರು. “ಕಿಂಡಿ ತೆಗೆದ್ರೆ ವಾಸನೆ ಹೋಗುತ್ತೆ. ಹಳೇ ಓವನ್ನೇ ಸಾಕು.”

ಸಾಹೇಬರು ಸ್ಟೂಲು ಹತ್ತಿ ಮುದ್ರೆಯ ಮೇಲೇ ಮೊದಲ ಪೆಟ್ಟು ಹಾಕಿದರು. ಗಟ್ಟಿ ಕೆಲಸ. ಕತ್ತಲಾಗುವವರೆಗೂ ಅದು ಅಲುಗಲಿಲ್ಲ.